ಮಕ್ಕಳ ಕಾದಂಬರಿಯಲ್ಲಿ ವರ್ಣಭೇದದ ನಿರೂಪಣೆ: ಮಿಲ್ಡ್ರೆಡ್ ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’

ಮಕ್ಕಳ ಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ. ಸಮಾಜದ ಕ್ರೌರ್ಯವನ್ನು ಮಕ್ಕಳಿಗೆ ಎಷ್ಟರಮಟ್ಟಿಗೆ ತಿಳಿಸಬೇಕು, ಯಾವ ವಯಸ್ಸಿನಲ್ಲಿ ತಿಳಿಸಬೇಕು ಎಂಬುದೇ ಆ ಪ್ರಶ್ನೆ. ಇದರ ಹಿಂದೆ ಒಂದು ಗೃಹೀತವಿದೆ. ಮಗು ಆ ಕ್ರೌರ್ಯದ ಹೊರಗೆ ನಿಂತಿದೆ, ಹಿರಿಯರು ಬಾಯಿಬಿಟ್ಟು ಹೇಳುವವರೆಗೆ ಅದರ ಅರಿವು ಮಗುವಿಗೆ ಇರುವುದಿಲ್ಲ ಎಂಬುದು ಆ ಗೃಹೀತ. ತುಳಿತಕ್ಕೆ ಒಳಗಾದ ಸಮುದಾಯದಲ್ಲಿ ಹುಟ್ಟಿದ ಮಗುವಿನ ಮಟ್ಟಿಗೆ ಇದು ನಿಜವಲ್ಲ. ಅಂಥ ಮಗುವಿಗೆ ಯಾವಾಗ ತಿಳಿಯಬೇಕು ಎಂಬುದನ್ನು ತಾಯಿತಂದೆಯರಾಗಲಿ ಲೇಖಕರಾಗಲಿ ನಿರ್ಧರಿಸುವುದಿಲ್ಲ. ರಸ್ತೆ, ಶಾಲೆ, ಅಂಗಡಿಗಳು ಮೊದಲೇ ನಿರ್ಧರಿಸಿಬಿಟ್ಟಿರುತ್ತವೆ. ಅಮೆರಿಕದ ಲೇಖಕಿ ಮಿಲ್ಡ್ರೆಡ್ ಡಿ. ಟೇಲರ್ ಅವರು 1976ರಲ್ಲಿ ಪ್ರಕಟಿಸಿದ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ ಕಾದಂಬರಿಯ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕೃತಿ ಬಂದ ಕಾಲದ ಸಾಹಿತ್ಯಕ ಸಂದರ್ಭವನ್ನು ಮೊದಲು ಗಮನಿಸಬೇಕು. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಅವರು ‘ಸ್ಯಾಟರ್ಡೆ ರಿವ್ಯೂ’ ಪತ್ರಿಕೆಯಲ್ಲಿ ಅಮೆರಿಕದ ಮಕ್ಕಳ ಪುಸ್ತಕಗಳ ಸಮೀಕ್ಷೆಯೊಂದನ್ನು ಪ್ರಕಟಿಸಿದರು. 1962ರಿಂದ 1964ರವರೆಗಿನ ಮೂರು ವರ್ಷಗಳಲ್ಲಿ 63 ಪ್ರಕಾಶಕರು ಹೊರತಂದ 5,206 ಪುಸ್ತಕಗಳಲ್ಲಿ ಒಬ್ಬರಾದರೂ ಕಪ್ಪುಜನರು ಕಾಣಿಸಿಕೊಂಡದ್ದು 349ರಲ್ಲಿ ಮಾತ್ರ. ಎಂದರೆ ಶೇಕಡ 6.7ರಷ್ಟು. ಕಾಣಿಸಿಕೊಂಡಲ್ಲಿಯೂ ಅನೇಕ ಕಡೆ ಅವರದು ಚಿತ್ರದ ಅಂಚಿನ ಪಾತ್ರ. ಮುಂದಿನ ಹತ್ತು ವರ್ಷಗಳಲ್ಲಿ ಈ ಪರಿಸ್ಥಿತಿ ನಿಧಾನವಾಗಿ ಬದಲಾಯಿತು. ಮಕ್ಕಳ ಸಾಹಿತ್ಯಕ್ಕೆ ಅಮೆರಿಕದ ಗ್ರಂಥಾಲಯ ಸಂಘ ನೀಡುವ ನ್ಯೂಬೆರಿ ಪದಕವನ್ನು 1975ರಲ್ಲಿ ವರ್ಜೀನಿಯಾ ಹ್ಯಾಮಿಲ್ಟನ್ ಅವರು ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಆಫ್ರಿಕನ್-ಅಮೆರಿಕನ್ ಲೇಖಕಿ ಎನಿಸಿದರು. ಎರಡು ವರ್ಷಗಳ ನಂತರ, 1977ರಲ್ಲಿ, ಅದೇ ಪದಕ ಟೇಲರ್ ಅವರ ಈ ಕಾದಂಬರಿಗೆ ಸಂದಿತು.

ಟೇಲರ್ ಅವರು 1943ರಲ್ಲಿ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಜನಿಸಿದರು. ಅವರು ಹಸುಗೂಸಾಗಿದ್ದಾಗಲೇ ಕುಟುಂಬ ಉತ್ತರದ ಓಹಾಯೋ ರಾಜ್ಯದ ಟೊಲೀಡೋ ನಗರಕ್ಕೆ ವಲಸೆ ಹೋಯಿತು. ಬಿಟ್ಟುಬಂದ ನೆಲದ ನಂಟು ಮಾತ್ರ ಕಡಿಯಲಿಲ್ಲ. ದಕ್ಷಿಣದ ಬಂಧುಗಳ ಮನೆಗೆ ಹೋದಾಗಲೆಲ್ಲ ತಂದೆ ಮತ್ತಿತರ ಹಿರಿಯರು ಹೇಳುತ್ತಿದ್ದ ಕುಟುಂಬದ ಕಥೆಗಳು ಅವರ ಬರವಣಿಗೆಯ ಮೂಲದ್ರವ್ಯವಾದವು. ಹಿರಿಯರ ಬಾಯಲ್ಲಿ ಕೇಳಿದ ಇತಿಹಾಸಕ್ಕೂ ಶಾಲೆಯ ಪಠ್ಯದಲ್ಲಿ ಓದಿದ ಇತಿಹಾಸಕ್ಕೂ ಇದ್ದ ಅಂತರವನ್ನು ಅವರು ಬಾಲ್ಯದಲ್ಲಿಯೇ ಅನುಭವಿಸಿದ್ದರು. 1975ರ ‘ಸಾಂಗ್ ಆಫ್ ದಿ ಟ್ರೀಸ್’ನಿಂದ ಆರಂಭವಾಗಿ 2020ರ ‘ಆಲ್ ದಿ ಡೇಸ್ ಪಾಸ್ಟ್, ಆಲ್ ದಿ ಡೇಸ್ ಟು ಕಮ್’ವರೆಗೆ ನಡೆದುಬಂದ ಲೋಗನ್ ಕುಟುಂಬದ ಕಥಾಮಾಲೆಯನ್ನು ಈ ಅಂತರವನ್ನು ತುಂಬುವ ದೀರ್ಘ ಪ್ರಯತ್ನವೆಂದು ಹೇಳಬಹುದು. ಪ್ರಸ್ತುತ ಕಾದಂಬರಿಯ ಮೊದಲ ಮುಖ್ಯ ಘಟನೆ ಪಠ್ಯಪುಸ್ತಕವೊಂದರ ಸುತ್ತ ನಡೆಯುವುದು ಆಕಸ್ಮಿಕವೆನಿಸುವುದಿಲ್ಲ.

ಕಥೆ ನಡೆಯುವುದು 1933-34ರ ಮಿಸಿಸಿಪ್ಪಿಯಲ್ಲಿ, ಆರ್ಥಿಕ ಮಹಾಕುಸಿತದ ಕಾಲದಲ್ಲಿ. ‘ಪ್ರತ್ಯೇಕ, ಆದರೆ ಸಮಾನ’ ಎಂಬ ತತ್ತ್ವಕ್ಕೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1896ರ ಪ್ಲೆಸಿ ಮೊಕದ್ದಮೆಯಲ್ಲಿ ಮುದ್ರೆ ಒತ್ತಿತ್ತು. 1954ರ ಬ್ರೌನ್ ಮೊಕದ್ದಮೆಯ ತೀರ್ಪಿಗೆ ಇನ್ನೂ ಎರಡು ದಶಕ ಉಳಿದಿತ್ತು. ಒಂಬತ್ತು ವರ್ಷದ ಕ್ಯಾಸಿ ಲೋಗನ್ ಕಥೆಯ ನಿರೂಪಕಿ. ಅಣ್ಣ ಸ್ಟೇಸಿ, ತಮ್ಮಂದಿರಾದ ಕ್ರಿಸ್ಟೋಫರ್-ಜಾನ್ ಮತ್ತು ಲಿಟ್ಲ್ ಮ್ಯಾನ್, ಶಿಕ್ಷಕಿಯಾದ ತಾಯಿ ಮೇರಿ, ಲೂಸಿಯಾನಾದಲ್ಲಿ ರೈಲುಹಳಿಯ ಕೆಲಸಕ್ಕೆ ಹೋಗಿ ದುಡಿಯುವ ತಂದೆ ಡೇವಿಡ್, ಅಜ್ಜಿ ಇವರಷ್ಟು ಜನರ ಕುಟುಂಬಕ್ಕೆ 400 ಎಕರೆ ಭೂಮಿಯಿದೆ. ಅಜ್ಜ 1887ರಲ್ಲಿ 200 ಎಕರೆ, 1918ರಲ್ಲಿ ಮತ್ತೆ 200 ಎಕರೆ ಕೊಂಡಿದ್ದ. ಸುತ್ತಲಿನ ಕಪ್ಪುಜನರೆಲ್ಲ ಬಿಳಿಯ ಜಮೀನುದಾರರ ಹೊಲಗಳಲ್ಲಿ ಪಾಲಿಗೆ ಬೇಸಾಯ ಮಾಡುವ ಒಕ್ಕಲುಗಳಾಗಿರುವಾಗ ಈ ಕುಟುಂಬ ಸ್ವಂತ ನೆಲದ ಮೇಲೆ ನಿಂತಿದೆ. ಕಾದಂಬರಿಯ ಶಕ್ತಿಯೂ ಅದರೊಳಗಿನ ಒಂದು ಮುಖ್ಯ ಪ್ರಶ್ನೆಯೂ ಈ ಸಂಗತಿಯಿಂದಲೇ ಹುಟ್ಟುತ್ತವೆ.

ಮೊದಲ ಅಧ್ಯಾಯದಲ್ಲಿ ಶಾಲೆಯ ಆರಂಭದ ದಿನ ಮಕ್ಕಳಿಗೆ ಓದುವ ಪುಸ್ತಕಗಳನ್ನು ಹಂಚಲಾಗುತ್ತದೆ. ಶುಚಿತ್ವದ ಬಗ್ಗೆ ಅತಿಯಾದ ಆಸ್ಥೆಯುಳ್ಳ ಆರು ವರ್ಷದ ಲಿಟ್ಲ್ ಮ್ಯಾನ್‌ಗೆ ದೊರೆತದ್ದು ಕೊಳೆಯಾದ, ಹರಿದ ಪ್ರತಿ. ಅದಕ್ಕಿಂತ ಚೆನ್ನಾದದ್ದನ್ನು ಕೇಳಿ ಬೈಸಿಕೊಂಡು, ಅದನ್ನೇ ಹಿಡಿದು ಕುಳಿತ ಹುಡುಗ ಒಳರಟ್ಟಿನ ಮೇಲಿನ ಕೋಷ್ಟಕವನ್ನು ಓದಿದೊಡನೆ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ. ಕೋಷ್ಟಕದಲ್ಲಿ ಪುಸ್ತಕವನ್ನು ಕೊಟ್ಟ ದಿನಾಂಕ, ಅದರ ಸ್ಥಿತಿ, ಪಡೆದ ವಿದ್ಯಾರ್ಥಿಯ ಜನಾಂಗ ನಮೂದಾಗಿವೆ. 1922ರಲ್ಲಿ ಹೊಸದಾಗಿದ್ದ ಪುಸ್ತಕ ಹನ್ನೊಂದು ಬಾರಿ ಬಿಳಿಯ ಮಕ್ಕಳ ಕೈಗೆ ಹೋಗಿದೆ. ಹನ್ನೆರಡನೆಯ ಸಾಲಿನಲ್ಲಿ ಸ್ಥಿತಿ ತೀರ ಕೆಟ್ಟದ್ದೆಂದು ಬರೆದು, ಅದರ ಮುಂದೆ ಕಪ್ಪುಜನರನ್ನು ಹೀಯಾಳಿಸುವ ಪದವನ್ನು ದಾಖಲಿಸಲಾಗಿದೆ. ಕೆಳಗೆ ಇಪ್ಪತ್ತರವರೆಗೆ ಸಾಲುಗಳು ಖಾಲಿಯಿವೆ; ಅವೆಲ್ಲ ತಮ್ಮಂಥ ಮಕ್ಕಳಿಗೇ ಮೀಸಲೆಂಬುದು ಕ್ಯಾಸಿಗೆ ಹೊಳೆಯುತ್ತದೆ.

ಈ ಪ್ರಸಂಗದಲ್ಲಿ ಕಾದಂಬರಿಯ ಕಥನಕ್ರಮ ಇಡಿಯಾಗಿ ಅಡಗಿದೆ. ಇಲ್ಲಿ ಯಾವ ಬಿಳಿಯನೂ ಕಾಣಿಸಿಕೊಳ್ಳುವುದಿಲ್ಲ; ಯಾರೂ ದ್ವೇಷದ ಮಾತಾಡುವುದಿಲ್ಲ. ಅವಮಾನ ಬರುವುದು ಕಚೇರಿಯ ನಮೂನೆಯೊಂದರ ಗೆರೆಗಳ ನಡುವಿನಿಂದ. ವರ್ಣಭೇದವನ್ನು ಕೆಟ್ಟ ಮನುಷ್ಯರ ಕೆಟ್ಟ ಸ್ವಭಾವವೆಂದು ಚಿತ್ರಿಸುವುದು ಮಕ್ಕಳ ಪುಸ್ತಕಗಳಲ್ಲಿ ಸುಲಭದ ದಾರಿ. ಟೇಲರ್ ಅವರು ಅದನ್ನು ದಾಖಲೆ, ವಿತರಣೆ, ಆಡಳಿತಗಳ ವ್ಯವಸ್ಥೆಯಾಗಿ ತೋರಿಸುತ್ತಾರೆ. ಹಾಗೆ ತೋರಿಸಲು ಮಗುವಿನ ಕೈಗೆ ಸಿಗುವ ವಸ್ತುವನ್ನೇ ಆರಿಸಿಕೊಳ್ಳುತ್ತಾರೆ. ಪುಸ್ತಕ ಹಂಚಿದ ಶಿಕ್ಷಕಿ ಡೇಸಿ ಕ್ರಾಕರ್ ಸ್ವತಃ ಕಪ್ಪುಮಹಿಳೆ. ಕೋಷ್ಟಕ ಆಕೆಗೆ ಅವಮಾನವಾಗಿ ತೋರುವುದಿಲ್ಲ. ಇರುವ ಸಂಗತಿಯೆಂದೇ ತೋರುತ್ತದೆ. ಪ್ರತಿಭಟಿಸಿದ ಮಕ್ಕಳಿಗೆ ಆಕೆ ಛಡಿಯೇಟು ಕೊಡುತ್ತಾಳೆ. ವ್ಯವಸ್ಥೆ ತನ್ನಿಂದ ನೊಂದವರ ಕೈಯಿಂದಲೇ ಶಿಕ್ಷೆ ಕೊಡಿಸುವ ಈ ಬಗೆಯನ್ನು ಕಾದಂಬರಿ ಯಾವ ವ್ಯಾಖ್ಯಾನವೂ ಇಲ್ಲದೆ ಓದುಗರ ಮುಂದಿಡುತ್ತದೆ.

ತಾಯಿ ಮೇರಿ ಈ ಸುದ್ದಿ ಕೇಳಿದಾಗ ಉದ್ರೇಕಗೊಳ್ಳುವುದಿಲ್ಲ. ಕಾಗದವನ್ನು ಅಳತೆಗೆ ಕತ್ತರಿಸಿ ಅಂಟು ಹಚ್ಚಿ ಆ ಕೋಷ್ಟಕವನ್ನು ಮುಚ್ಚುತ್ತಾಳೆ. ತನ್ನ ತರಗತಿಯ ಪುಸ್ತಕಗಳಿಗೂ ಹಾಗೆಯೇ ಮಾಡುತ್ತಾಳೆ. ಸಣ್ಣದಾಗಿ ಕಾಣುವ ಈ ಕೆಲಸಕ್ಕೆ ಕಾದಂಬರಿಯಲ್ಲಿ ದೊಡ್ಡ ಬೆಲೆಯಿದೆ. ತಿಂಗಳುಗಳ ನಂತರ ಜಮೀನುದಾರ ಹಾರ್ಲನ್ ಗ್ರೇಂಜರ್ ಮತ್ತು ಅಂಗಡಿಕಾರ ಕೇಲೆಬ್ ವಾಲೇಸ್ ಶಾಲಾ ಮಂಡಳಿಯ ಪರವಾಗಿ ಆಕೆಯ ತರಗತಿಗೆ ಬರುತ್ತಾರೆ. ಆಕೆ ಗುಲಾಮಗಿರಿಯ ಇತಿಹಾಸವನ್ನು ಪಠ್ಯದಲ್ಲಿಲ್ಲದ ರೀತಿಯಲ್ಲಿ ಕಲಿಸುತ್ತಿರುತ್ತಾಳೆ. ಅಂಟಿಸಿದ ಕಾಗದವೂ ಅವರ ಕಣ್ಣಿಗೆ ಬೀಳುತ್ತದೆ. ಆಕೆ ಕೆಲಸ ಕಳೆದುಕೊಳ್ಳುತ್ತಾಳೆ. ಮೇಲುನೋಟಕ್ಕೆ ಕಾರಣ ಪಠ್ಯ ಮತ್ತು ಪುಸ್ತಕ. ನಿಜವಾದ ಕಾರಣ ವಾಲೇಸರ ಅಂಗಡಿಯ ವಿರುದ್ಧ ಆಕೆ ಸಂಘಟಿಸಿದ ಬಹಿಷ್ಕಾರ. ಹೀಗೆ ಮೊದಲ ಅಧ್ಯಾಯದ ಕೋಷ್ಟಕ ಕಾದಂಬರಿಯ ನಡುವಿನ ಆರ್ಥಿಕ ಸಂಘರ್ಷಕ್ಕೆ ಜೋಡಿಸಿಕೊಳ್ಳುತ್ತದೆ.

ಶಾಲೆಗೆ ಹೋಗುವ ದಾರಿಯೂ ಇದೇ ಪಾಠವನ್ನು ಕಲಿಸುತ್ತದೆ. ಬಿಳಿಯ ಮಕ್ಕಳಿಗೆ ಬಸ್ಸುಂಟು. ಲೋಗನ್ ಮಕ್ಕಳು ಒಂದು ಗಂಟೆ ನಡೆಯಬೇಕು. ಬಿಳಿಯರ ಶಾಲೆಗೆ ದಕ್ಷಿಣ ಒಕ್ಕೂಟದ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್‌ನ ಹೆಸರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ಪಕ್ಷದ ನಾಯಕನ ಹೆಸರು ಹೊತ್ತ ಬಸ್ಸು ಕಪ್ಪುಮಕ್ಕಳ ಮೇಲೆ ಕೆಸರೆರಚಿ ಹೋಗುವುದು ದಿನದ ಆಟವಾಗಿದೆ. ಸ್ಟೇಸಿಯ ನೇತೃತ್ವದಲ್ಲಿ ಮಕ್ಕಳು ಮಳೆನೀರು ನಿಂತ ರಸ್ತೆಗೆ ಅಡ್ಡಲಾಗಿ ಗುಂಡಿ ತೋಡುತ್ತಾರೆ. ಬಸ್ಸು ಸಿಕ್ಕಿಬಿದ್ದು ಮುರಿಯುತ್ತದೆ. ಸಾಮಾನ್ಯ ಸಾಹಸಕಥೆಯಾಗಿದ್ದರೆ ಈ ಗೆಲುವಿನಲ್ಲಿ ಅಧ್ಯಾಯ ಮುಗಿಯುತ್ತಿತ್ತು. ಇಲ್ಲಿ ಗೆಲುವಿನ ಬೆನ್ನಿಗೇ ಭಯ ಬರುತ್ತದೆ. ರಾತ್ರಿಯಲ್ಲಿ ಬಿಳಿಯರ ಗುಂಪುಗಳು ಕಾರುಗಳಲ್ಲಿ ಹೊರಟಿವೆ ಎಂಬ ಸುದ್ದಿ ಹರಡುತ್ತದೆ. ತಮ್ಮನ್ನು ಹುಡುಕಿಕೊಂಡೇ ಬಂದಿದ್ದಾರೆಂದು ಮಕ್ಕಳು ನಡುಗುತ್ತಾರೆ. ಆ ಗುಂಪು ಡಾಂಬರು ಬಳಿದು ಹಿಂಸಿಸಿದ್ದು ಇನ್ನೊಬ್ಬ ಕಪ್ಪುಮನುಷ್ಯನನ್ನು, ಬೇರೆಯದೇ ಕಾರಣಕ್ಕೆ. ಹಿಂಸೆಯನ್ನು ತಪ್ಪು-ಶಿಕ್ಷೆಗಳ ಲೆಕ್ಕದಲ್ಲಿ ಅರ್ಥಮಾಡಿಕೊಳ್ಳಲು ಯತ್ನಿಸುವ ಮಕ್ಕಳ ನ್ಯಾಯಪ್ರಜ್ಞೆ ಇಲ್ಲಿ ಬುಡಮೇಲಾಗುತ್ತದೆ.

ಕ್ಯಾಸಿಯ ಅರಿವು ಬೆಳೆಯುವ ಬಗೆಯನ್ನು ಸ್ಟ್ರಾಬೆರಿ ಪಟ್ಟಣದ ಪ್ರಸಂಗ ಸ್ಪಷ್ಟಪಡಿಸುತ್ತದೆ. ಬಾರ್ನೆಟ್‌ನ ಅಂಗಡಿಯಲ್ಲಿ ಸರದಿ ಅವರದಾಗಿದ್ದರೂ ನಂತರ ಬಂದ ಬಿಳಿಯರಿಗೆ ಸಾಮಾನು ಕೊಡುತ್ತಾರೆ. ಅಂಗಡಿಯವನು ಮರೆತಿರಬೇಕೆಂದು ಭಾವಿಸಿ ಅವಳು ನೆನಪಿಸುತ್ತಾಳೆ. ಅವನು ಅವಳನ್ನು ಹೊರಗಟ್ಟುತ್ತಾನೆ. ಬೀದಿಯಲ್ಲಿ ಲಿಲಿಯನ್ ಜೀನ್ ಎಂಬ ಬಿಳಿಯ ಹುಡುಗಿಗೆ ತಾಗಿದ್ದಕ್ಕೆ ಕ್ಷಮೆ ಕೇಳಿದರೂ ಸಾಲದೆ, ಅವಳ ತಂದೆ ಕ್ಯಾಸಿಯ ಕೈ ತಿರುಚಿ ರಸ್ತೆಗೆ ತಳ್ಳುತ್ತಾನೆ. ಕೊನೆಗೆ ಅಜ್ಜಿಯೇ ಬಂದು ಕ್ಷಮೆ ಕೇಳುವಂತೆ ಮೊಮ್ಮಗಳನ್ನು ಒತ್ತಾಯಿಸುತ್ತಾಳೆ. ಕ್ಯಾಸಿಯ ಮನಸ್ಸಿನಲ್ಲಿ ಉಳಿಯುವ ಗಾಯ ಅಜ್ಜಿಯ ಈ ನಡೆ. ಅಜ್ಜಿ ತನ್ನನ್ನು ಉಳಿಸಲು ಹಾಗೆ ಮಾಡಿದಳೆಂಬುದನ್ನು ಅರಿಯಲು ಅವಳಿಗೆ ಕಾಲ ಬೇಕಾಗುತ್ತದೆ. ಆ ರಾತ್ರಿ ತಾಯಿ ಮಗಳಿಗೆ ಗುಲಾಮಗಿರಿಯ ಚರಿತ್ರೆಯನ್ನು ಹೇಳಿ, ಒಬ್ಬರನ್ನು ಕೀಳೆಂದು ನಂಬಿಸುವುದರಿಂದ ಇನ್ನೊಬ್ಬರಿಗೆ ದೊರೆಯುವ ಲಾಭವನ್ನು ವಿವರಿಸುತ್ತಾಳೆ. ಬಿಳಿಯ ಬಡವನಿಗೆ ತನ್ನ ಬಿಳುಪಲ್ಲದೆ ಹೆಮ್ಮೆಪಡಲು ಬೇರೇನೂ ಇಲ್ಲವೆಂಬ ವಿಶ್ಲೇಷಣೆ ಒಂಬತ್ತು ವರ್ಷದ ಮಗುವಿಗೆ ಅರ್ಥವಾಗುವ ಮಾತುಗಳಲ್ಲಿ ಬರುತ್ತದೆ. ಅದಕ್ಕೂ ಮುಂಚೆ, ವಾಲೇಸರು ಸುಟ್ಟು ವಿಕಾರಗೊಳಿಸಿದ ಬೆರಿ ಎಂಬವನ ಹಾಸಿಗೆಯ ಬಳಿಗೆ ಇದೇ ತಾಯಿ ಮಕ್ಕಳನ್ನು ಕರೆದೊಯ್ದಿರುತ್ತಾಳೆ. ಮಕ್ಕಳಿಗೆ ಎಷ್ಟು ಹೇಳಬೇಕು ಎಂಬ ಪ್ರಶ್ನೆಗೆ ಕಾದಂಬರಿ ಕಥೆಯ ಒಳಗಿನಿಂದಲೇ ಕೊಡುವ ಉತ್ತರವಿದು: ಬದುಕಿ ಉಳಿಯಲು ಬೇಕಾದಷ್ಟನ್ನು ಹೇಳಲೇಬೇಕು.

ಇದೇ ವಸ್ತುವನ್ನುಳ್ಳ, ಹೆಚ್ಚು ಪ್ರಸಿದ್ಧವಾದ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕಾದಂಬರಿಯೊಡನೆ ಹೋಲಿಸಿದಾಗ ಟೇಲರ್ ಅವರ ಕೃತಿಯ ವೈಶಿಷ್ಟ್ಯ ಎದ್ದುಕಾಣುತ್ತದೆ. ಎರಡೂ 1930ರ ದಶಕದ ದಕ್ಷಿಣವನ್ನು ಕುರಿತವು. ಎರಡರಲ್ಲಿಯೂ ನಿರೂಪಕಿಯರು ಚೂಟಿಯಾದ ಹುಡುಗಿಯರು. ಲೀ ಅವರ ಸ್ಕೌಟ್ ಬಿಳಿಯ ವಕೀಲನ ಮಗಳು. ಕಪ್ಪುಮನುಷ್ಯನಾದ ಟಾಮ್ ರಾಬಿನ್ಸನ್‌ಗೆ ಆಗುವ ಅನ್ಯಾಯವನ್ನು ಅವಳು ನೋಡುತ್ತಾಳೆ, ಮರುಗುತ್ತಾಳೆ, ಆ ಮೂಲಕ ನೈತಿಕವಾಗಿ ಬೆಳೆಯುತ್ತಾಳೆ. ಅನ್ಯಾಯ ಅವಳ ಪಾಲಿಗೆ ಇನ್ನೊಬ್ಬರ ಸಂಕಟ. ಟಾಮ್‌ನ ಮನೆಯ ಒಳಗೆ, ಅವನ ಮಕ್ಕಳ ನಡುವೆ ಏನು ನಡೆಯಿತೆಂಬುದು ಆ ಕಥನಕ್ಕೆ ನಿಲುಕುವುದಿಲ್ಲ. ಕ್ಯಾಸಿಗೆ ನೋಡುವ ಜಾಗವೇ ಬೇರೆ ಇಲ್ಲ. ಅವಳು ಘಟನೆಯ ಒಳಗೇ ಇದ್ದಾಳೆ. ಟೇಲರ್ ಅವರ ಕಾದಂಬರಿಯಲ್ಲಿಯೂ ಜೇಮಿಸನ್ ಎಂಬ ನ್ಯಾಯಪರನಾದ ಬಿಳಿಯ ವಕೀಲನಿದ್ದಾನೆ. ಬಹಿಷ್ಕಾರಕ್ಕಾಗಿ ಕಪ್ಪು ಕುಟುಂಬಗಳ ಸಾಲಕ್ಕೆ ಜಾಮೀನು ನಿಲ್ಲಲು ಅವನು ಮುಂದೆ ಬರುತ್ತಾನೆ. ಗುಂಪುಹತ್ಯೆಗೆ ಸೇರಿದವರ ಎದುರು ಒಂಟಿಯಾಗಿ ನಿಲ್ಲುತ್ತಾನೆ. ಆದರೂ ಕಥೆ ಅವನದಾಗುವುದಿಲ್ಲ. ಸ್ಟೇಸಿಯ ಸ್ನೇಹಕ್ಕೆ ಹಾತೊರೆಯುವ ಬಿಳಿಯ ಹುಡುಗ ಜೆರೆಮಿ ಸಿಮ್ಸ್ ಒಳ್ಳೆಯವನೇ. ಅಂಥ ಸ್ನೇಹಕ್ಕೆ ಆ ಸಮಾಜದಲ್ಲಿ ಮುಂದೆ ತೆರಬೇಕಾದ ಬೆಲೆಯನ್ನು ಬಲ್ಲ ತಂದೆ ಮಗನನ್ನು ಎಚ್ಚರಿಸುತ್ತಾನೆ. ವ್ಯಕ್ತಿಗಳ ಒಳ್ಳೆಯತನವನ್ನು ಕಾದಂಬರಿ ಅಲ್ಲಗಳೆಯುವುದಿಲ್ಲ. ಅದರಿಂದ ವ್ಯವಸ್ಥೆ ಬದಲಾಗುತ್ತದೆಂಬ ಸಮಾಧಾನವನ್ನೂ ಕೊಡುವುದಿಲ್ಲ.

ಇಲ್ಲಿ ವಿಮರ್ಶೆಯ ದೃಷ್ಟಿಯಿಂದ ಒಂದು ಆಕ್ಷೇಪವನ್ನು ಎತ್ತಬಹುದು. ಲೋಗನ್ ಕುಟುಂಬದ ಸ್ವಾಭಿಮಾನಕ್ಕೆ ಆಧಾರ ಅವರ 400 ಎಕರೆ. ಹಾಗಾದರೆ ಭೂಮಿಯಿಲ್ಲದವರ ಘನತೆಯ ಗತಿಯೇನು? ಆಸ್ತಿಯುಳ್ಳವರಿಗಷ್ಟೇ ಪ್ರತಿರೋಧ ಸಾಧ್ಯವೆಂದು ಕೃತಿ ಸೂಚಿಸುತ್ತದೆಯೇ? ಆಕ್ಷೇಪ ನಿರಾಧಾರವಲ್ಲ. ಚಿಕಾಗೋದಿಂದ ಹ್ಯಾಮರ್ ದೊಡ್ಡಪ್ಪ ಪ್ಯಾಕಾರ್ಡ್ ಕಾರಿನಲ್ಲಿ ಬರುವುದು, ಮನೆಯಲ್ಲಿ ಪುಸ್ತಕಗಳಿರುವುದು, ತಾಯಿ ಶಿಕ್ಷಣ ಪಡೆದಿರುವುದು ಇವೆಲ್ಲ ಅವರನ್ನು ನೆರೆಹೊರೆಯವರಿಗಿಂತ ಭಿನ್ನರನ್ನಾಗಿಸುತ್ತವೆ. ಆದರೆ ಕಾದಂಬರಿ ಈ ಅಂತರವನ್ನು ಮರೆಮಾಡಿಲ್ಲ. ಬಹಿಷ್ಕಾರ ಮುರಿದುಬೀಳುವ ಬಗೆಯನ್ನು ಅದು ಲೆಕ್ಕ ಹಾಕಿ ತೋರಿಸುತ್ತದೆ. ಒಕ್ಕಲುಗಳು ವಾಲೇಸರ ಅಂಗಡಿಯಲ್ಲಿ ಉದ್ರಿ ತರುವುದು ಜಮೀನುದಾರನ ಜಾಮೀನಿನ ಮೇಲೆ. ಅವರು ವಿಕ್ಸ್‌ಬರ್ಗ್‌ನಿಂದ ಸಾಮಾನು ತರಿಸತೊಡಗಿದಾಗ ಗ್ರೇಂಜರ್ ಹತ್ತಿಯಲ್ಲಿ ತನ್ನ ಪಾಲನ್ನು ಶೇಕಡ 50ರಿಂದ 60ಕ್ಕೆ ಏರಿಸುತ್ತಾನೆ. ಸಾಲ ತೀರಿಸದಿದ್ದರೆ ಸರಪಳಿ ಕೈದಿಗಳ ತಂಡಕ್ಕೆ ಸೇರಿಸುವ ಬೆದರಿಕೆಯೂ ಬರುತ್ತದೆ. ಏವರಿ ಮತ್ತು ಲೇನಿಯರ್ ಹಿಂದೆ ಸರಿಯುತ್ತಾರೆ. ಅವರನ್ನು ಹೇಡಿಗಳೆಂದು ಸ್ಟೇಸಿ ಜರೆದಾಗ ತಂದೆ ತಡೆಯುತ್ತಾನೆ. ತಮಗೆ ಹುಟ್ಟಿನಿಂದ ಇರುವ ನೆಲ ಅವರಿಗಿಲ್ಲವೆಂಬುದನ್ನು ಮಗನಿಗೆ ತಿಳಿಯಪಡಿಸುತ್ತಾನೆ.

ಭೂಮಿಯೂ ಭದ್ರವಲ್ಲವೆಂಬುದು ಕಥೆಯ ಮುಂದಿನ ಹಂತ. ತಾಯಿಯ ಕೆಲಸ ಹೋಗುತ್ತದೆ. ವಾಲೇಸರ ದಾಳಿಯಲ್ಲಿ ಗುಂಡೇಟು ತಿಂದು ಕಾಲು ಮುರಿದುಕೊಂಡ ತಂದೆ ದುಡಿಮೆಗೆ ಹೋಗಲಾರ. ಆಗ ಬ್ಯಾಂಕು ಅಡಮಾನದ ಹಣವನ್ನೆಲ್ಲ ಒಮ್ಮೆಗೇ ಕೇಳುತ್ತದೆ. ಹ್ಯಾಮರ್ ತನ್ನ ಕಾರು ಮಾರಿ ಹಣ ತರುತ್ತಾನೆ. ಶಾಲಾ ಮಂಡಳಿ, ಅಂಗಡಿ, ಬ್ಯಾಂಕು, ರಾತ್ರಿಯ ಗುಂಪು ಇವು ಬೇರೆ ಬೇರೆ ಶಕ್ತಿಗಳಲ್ಲ, ಒಂದೇ ಯಜಮಾನಿಕೆಯ ಅಂಗಗಳು ಎಂಬುದು ಹತ್ತು-ಹನ್ನೆರಡು ವರ್ಷದ ಓದುಗನಿಗೂ ಅರಿವಾಗುವಂತೆ ಈ ಘಟನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಅರ್ಥಶಾಸ್ತ್ರದ ಪರಿಭಾಷೆಯ ಒಂದು ಪದವನ್ನೂ ಬಳಸದೆ ಸಾಧಿಸಿದ ಈ ಸ್ಪಷ್ಟತೆ ಮಕ್ಕಳ ಕಾದಂಬರಿಯಲ್ಲಿ ಅಪರೂಪದ್ದು.

ಒಕ್ಕಲು ಏವರಿಯ ಮಗ ಟಿ.ಜೆ.ಯ ಪಾತ್ರದಲ್ಲಿ ಮೇಲಿನ ಆಕ್ಷೇಪಕ್ಕೆ ಅಂತಿಮ ಉತ್ತರವಿದೆ. ಅವನು ಸುಳ್ಳುಗಾರ, ಮೋಸಗಾರ. ಮೇರಿಯ ಕೆಲಸ ಹೋಗಲು ಅವನ ಚಾಡಿಯೂ ಕಾರಣ. ತನ್ನವರಿಂದ ದೂರವಾದ ಅವನು ಸಿಮ್ಸ್ ಸೋದರರ ಕೃತಕ ಸ್ನೇಹಕ್ಕೆ ಮಾರುಹೋಗುತ್ತಾನೆ. ಬಾರ್ನೆಟ್‌ನ ಅಂಗಡಿಗೆ ಮೂವರೂ ನುಗ್ಗುತ್ತಾರೆ. ಮುಖ ಮುಚ್ಚಿಕೊಂಡಿದ್ದ ಸೋದರರು ಪಾರಾಗುತ್ತಾರೆ, ಕೊಲೆಯ ಹೊರೆ ಟಿ.ಜೆ.ಯ ಮೇಲೆ ಬೀಳುತ್ತದೆ. ಅನ್ಯಾಯಕ್ಕೆ ಒಳಗಾಗುವವನು ನಿಷ್ಕಳಂಕನಾಗಿದ್ದರೆ ಓದುಗರ ಅನುಕಂಪ ಸುಲಭವಾಗಿ ದೊರೆಯುತ್ತದೆ. ಟೇಲರ್ ಅವರು ಆ ಸೌಲಭ್ಯವನ್ನು ಬಿಟ್ಟುಕೊಟ್ಟಿದ್ದಾರೆ. ಒಳ್ಳೆಯವನಲ್ಲದ ಹುಡುಗನಿಗೂ ನ್ಯಾಯ ಸಲ್ಲಬೇಕೆಂಬ ಕಠಿಣವಾದ ನೈತಿಕ ನಿಲುವಿನತ್ತ ಅವರು ಮಕ್ಕಳನ್ನು ಕರೆದೊಯ್ಯುತ್ತಾರೆ.

ಟಿ.ಜೆ.ಯನ್ನು ನೇಣಿಗೇರಿಸಲು ಗುಂಪು ಸಿದ್ಧವಾದಾಗ ಹತ್ತಿಯ ಹೊಲಕ್ಕೆ ಬೆಂಕಿ ಬೀಳುತ್ತದೆ. ಗ್ರೇಂಜರ್‌ನ ಕಾಡಿಗೂ ಅದು ಹಬ್ಬುವ ಭಯದಿಂದ ಗುಂಪು ಬೆಂಕಿ ಆರಿಸಲು ಧಾವಿಸುತ್ತದೆ. ಬಿಳಿಯರು, ಕಪ್ಪುಜನರು ಒಂದೇ ಸಾಲಿನಲ್ಲಿ ನಿಂತು ಹೆಣಗುತ್ತಾರೆ. ಸಿಡಿಲಿನಿಂದ ಹತ್ತಿದ ಬೆಂಕಿಯೆಂದು ಎಲ್ಲರೂ ತಿಳಿಯುತ್ತಾರೆ. ಹಚ್ಚಿದವನು ತಂದೆಯೇ ಎಂಬುದು ಮಾತಿಲ್ಲದೆ ಕ್ಯಾಸಿಗೆ ಅರ್ಥವಾಗುತ್ತದೆ. ಅದನ್ನು ಎಂದೂ ಬಾಯಿಬಿಟ್ಟು ಹೇಳಬಾರದೆಂಬುದೂ ಅರ್ಥವಾಗುತ್ತದೆ. ಕುಟುಂಬ ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಭೂಮಿಯ ಬೆಳೆಯ ಕಾಲುಭಾಗ, ತಮಗೆ ದ್ರೋಹ ಮಾಡಿದ ಒಕ್ಕಲ ಮಗನ ಪ್ರಾಣಕ್ಕಾಗಿ ಸುಟ್ಟುಹೋಗಿದೆ. ಆಸ್ತಿಯನ್ನು ಘನತೆಯ ಆಧಾರವಾಗಿ ಎತ್ತಿಹಿಡಿದ ಕಾದಂಬರಿ ಕೊನೆಯಲ್ಲಿ ಆಸ್ತಿಯನ್ನೂ ಮೀರಿದ ಮೌಲ್ಯವೊಂದನ್ನು ಒಪ್ಪಿಕೊಳ್ಳುತ್ತದೆ. ಆದರೂ ಟಿ.ಜೆ. ಪಾರಾದನೆಂಬ ಭರವಸೆಯಿಲ್ಲ, ಅವನು ಸೆರೆಯಲ್ಲಿದ್ದಾನೆ, ಸಾಯಲೂಬಹುದೆಂಬುದನ್ನು ತಂದೆ ಮಕ್ಕಳಿಂದ ಮುಚ್ಚಿಡುವುದಿಲ್ಲ. ಮುಂದಿನ ಕಾದಂಬರಿ ‘ಲೆಟ್ ದಿ ಸರ್ಕಲ್ ಬಿ ಅನ್‌ಬ್ರೋಕನ್’ನಲ್ಲಿ (1981) ಬಿಳಿಯರೇ ತುಂಬಿದ ಜ್ಯೂರಿ ಅವನನ್ನು ಅಪರಾಧಿಯೆಂದು ತೀರ್ಮಾನಿಸುತ್ತದೆ.

ಇಂಥ ಕೃತಿ ವಿರೋಧವನ್ನು ಎದುರಿಸಿದ್ದು ಸಹಜ. 2002ರಲ್ಲಿ ಅಮೆರಿಕದ ಶಾಲೆ ಹಾಗೂ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಒಳಗಾದ ಹತ್ತು ಪುಸ್ತಕಗಳ ಪಟ್ಟಿಯಲ್ಲಿ ಇದೂ ಸೇರಿತ್ತು. ಜನಾಂಗೀಯ ಸಂವೇದನಾಶೂನ್ಯತೆ ಮತ್ತು ಅವಹೇಳನಕಾರಿ ಭಾಷೆ ಆಕ್ಷೇಪದ ಕಾರಣಗಳು. ಇದರಲ್ಲೊಂದು ವೈರುಧ್ಯವಿದೆ. ಕೋಷ್ಟಕದಲ್ಲಿದ್ದ ಪದವನ್ನು ಬರೆದದ್ದು ಆಡಳಿತ. ಅದನ್ನು ದಾಖಲಿಸಿದ ಕಾದಂಬರಿ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಬೇಕಾಯಿತು. ಆ ಪದದಿಂದ ಇಂದಿನ ಮಕ್ಕಳಿಗೆ ನೋವಾಗುತ್ತದೆಂಬುದನ್ನು ತಳ್ಳಿಹಾಕುವಂತಿಲ್ಲ. ಅದನ್ನು ಓದಿಸುವ ಶಿಕ್ಷಕರ ಹೊಣೆ ಗುರುತರವಾದದ್ದು. ಆದರೆ ಮೇರಿ ಲೋಗನ್ ಆ ಪದದ ಮೇಲೆ ಕಾಗದ ಅಂಟಿಸಿದ್ದಕ್ಕೂ ಪುಸ್ತಕವನ್ನೇ ಗ್ರಂಥಾಲಯದಿಂದ ತೆಗೆಯುವುದಕ್ಕೂ ವ್ಯತ್ಯಾಸವಿದೆ. ಮೇರಿ ಅವಮಾನವನ್ನು ಮುಚ್ಚಿ ಚರಿತ್ರೆಯನ್ನು ಕಲಿಸಿದಳು. ಪುಸ್ತಕವನ್ನು ತೆಗೆಯುವುದರಿಂದ ಚರಿತ್ರೆಯೇ ಮುಚ್ಚಿಹೋಗುತ್ತದೆ.

ಕನ್ನಡದ ಓದುಗರ ಮಟ್ಟಿಗೆ ಈ ಕೃತಿ ಒಂದು ಪಾರಿಭಾಷಿಕ ಸಮಸ್ಯೆಯನ್ನೂ ತಂದೊಡ್ಡುತ್ತದೆ. ‘ವರ್ಣಭೇದ’ ಎಂಬ ಬಳಕೆಯ ಪದದಲ್ಲಿ ‘ವರ್ಣ’ ಎಂಬುದು ಮೈಬಣ್ಣವನ್ನೂ ಚಾತುರ್ವರ್ಣ್ಯವನ್ನೂ ಒಟ್ಟಿಗೆ ಧ್ವನಿಸುತ್ತದೆ. ‘ಜನಾಂಗ’ ಎಂಬುದು ಜಾತಿಯ ಅರ್ಥದಲ್ಲಿಯೂ ರೂಢಿಯಲ್ಲಿದೆ. ಈ ಕಾರಣದಿಂದ ಕನ್ನಡದಲ್ಲಿ ಇದನ್ನು ಓದುವಾಗ ಜಾತಿಯ ನೆನಪು ತಾನಾಗಿ ಬರುತ್ತದೆ. ಸಾತಾರಾದ ಶಾಲೆಯಲ್ಲಿ ಕೂರಲು ಪ್ರತ್ಯೇಕ ಗೋಣಿತಟ್ಟು ತರಬೇಕಾಗಿದ್ದ, ಜವಾನ ನಲ್ಲಿ ತಿರುಗಿಸದೆ ನೀರು ಕುಡಿಯುವಂತಿಲ್ಲದ ಬಾಲಕ ಅಂಬೇಡ್ಕರರ ಅನುಭವ ಲಿಟ್ಲ್ ಮ್ಯಾನ್‌ನ ಪುಸ್ತಕದೊಂದಿಗೆ ಹೋಲಿಕೆಗೆ ನಿಲ್ಲುತ್ತದೆ. ಎರಡೂ ಕಡೆ ಶಾಲೆಯ ಸಾಮಾನ್ಯ ವಸ್ತುವೇ ಭೇದವನ್ನು ಕಲಿಸುವ ಸಾಧನ. ಹಾಗೆಂದು ಎರಡನ್ನೂ ಒಂದೇ ಎನ್ನಲಾಗದು. ಅಲ್ಲಿ ಮುಟ್ಟು ಮೈಲಿಗೆಯ ವಿಧಿಯಿತ್ತು. ಮಿಸಿಸಿಪ್ಪಿಯಲ್ಲಿ ಹನ್ನೊಂದು ಬಿಳಿಯ ಮಕ್ಕಳು ಬಳಸಿ ಬಿಟ್ಟ ಪುಸ್ತಕವನ್ನು ಕಪ್ಪುಮಗುವಿಗೆ ದಾಟಿಸುವ ಕ್ರಮವಿತ್ತು. ಈ ಭೇದವನ್ನು ಉಳಿಸಿಕೊಂಡು ಹೋಲಿಸಿದರೆ ಮಾತ್ರ ತೌಲನಿಕ ಅಧ್ಯಯನಕ್ಕೆ ಬೆಲೆ ಬರುತ್ತದೆ.

ಒಟ್ಟಿನಲ್ಲಿ, ವರ್ಣಭೇದವನ್ನು ಮಕ್ಕಳಿಗೆ ಹೇಳುವುದೆಂದರೆ ಸಹಾನುಭೂತಿಯ ಪಾಠ ಹೇಳುವುದೆಂಬ ರೂಢಿಯ ತಿಳಿವಳಿಕೆಯನ್ನು ಟೇಲರ್ ಅವರ ಕಾದಂಬರಿ ವಿಸ್ತರಿಸಿದೆ. ಭೇದ ಹೇಗೆ ಕೆಲಸ ಮಾಡುತ್ತದೆ, ಯಾರಿಗೆ ಲಾಭ ತರುತ್ತದೆ, ಯಾವ ಕಾಗದದಲ್ಲಿ ದಾಖಲಾಗುತ್ತದೆ ಎಂಬುದನ್ನು ಮಗು ತಾನೇ ಪರಿಶೀಲಿಸುವಂತೆ ಅದು ಮಾಡುತ್ತದೆ. ಪ್ರಕಟವಾಗಿ ದಶಕಗಳೇ ಕಳೆದಿದ್ದರೂ ಮಕ್ಕಳ ಸಾಹಿತ್ಯದ ಅಭ್ಯಾಸಿಗಳು ಈ ಕೃತಿಗೆ ಮರಳಬೇಕಾದದ್ದು ಇದೇ ಕಾರಣಕ್ಕೆ. ಪುಸ್ತಕದ ಕೋಷ್ಟಕದಲ್ಲಿ ಇಪ್ಪತ್ತರವರೆಗೆ ಉಳಿದ ಖಾಲಿ ಸಾಲುಗಳನ್ನು ಓದಬಲ್ಲ ಮಗುವನ್ನು ಅದು ಕೊನೆಯವರೆಗೂ ಸಮಾನ ಬುದ್ಧಿಯ ಓದುಗನೆಂದೇ ಗೌರವಿಸಿದೆ.